ಹೊಸ ಪ್ಯಾಡ್ ಇಟ್ಟು ಹೋದ ಕಳ್ಳ

"ಇದು ನಂದಲ್ಲ" ಎಂದಳು ಅಕ್ಕ, ಕಿತ್ತಳೆ ಬಣ್ಣದ ಫೋಮ್ ಪ್ಯಾಡೊಂದನ್ನು ಪತ್ತೇದಾರ ತಮ್ಮನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು. "ಇದೂ ನಂದಲ್ಲ. ಇದಂತೂ ನನ್ನ ಕೈಯಲ್ಲಿ ಬೆಳೆದದ್ದೇ ಅಲ್ಲ."

ಪತ್ತೇದಾರ ಒಂದೊಂದನ್ನೇ ತಿರುಗಿಸಿ ನೋಡಿದ. ಅಂಗೈಗಿಂತ ಕೊಂಚ ದೊಡ್ಡದಾದ ಗುಂಡನೆಯ ಸ್ಪಂಜುಗಳು. ಒಂದು ಮಗ್ಗುಲಿಗೆ ಫೋಮ್, ಇನ್ನೊಂದು ಮಗ್ಗುಲಿಗೆ ಪಾಲಿಶ್ ಮೆಷೀನಿಗೆ ಕಚ್ಚಿಕೊಳ್ಳುವ ವೆಲ್ಕ್ರೋ. ಎಲ್ಲದರ ಮೇಲೂ ಒಂದೇ ಥರದ ಬಿಳಿ ಕಲೆ. ಅವನ ಕಣ್ಣಿಗೆ ಎಲ್ಲವೂ ಒಂದೇ ತಾಯಿಯ ಮಕ್ಕಳು.

"ಅಕ್ಕಾ, ಇದಕ್ಕಾ ನನ್ನನ್ನ ಕರೆಸಿದ್ದು? ಅಲ್ಲೊಬ್ಬ ಮನುಷ್ಯ ಕಾರು ಸಮೇತ ಮಾಯ ಆಗಿದ್ದಾನೆ, ನಾನು ತಲೆ ಕೆಡಿಸಿಕೊಂಡು ಕೂತಿದ್ದೀನಿ."

ಕನ್ನಡಕದ ಅಂಗಡಿಯವನು ತನ್ನ ಹಸಿರು ಕಾರಿನೊಂದಿಗೆ ಕಾಣೆಯಾಗಿ ತಿಂಗಳಾಗುತ್ತ ಬಂದಿತ್ತು. ಅವನ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಗಂಡನ ಫೋಟೋ ಕೈಗಿಟ್ಟು ಹೋದಂದಿನಿಂದ ಪತ್ತೇದಾರನಿಗೆ ಸಿಕ್ಕಿದ್ದು ದೊಡ್ಡ ಸೊನ್ನೆ.

"ಮನುಷ್ಯ ಕಳೆದುಹೋದರೆ ಕೇಳೋಕೆ ಪೊಲೀಸರಿದ್ದಾರೆ ಪುಟ್ಟಾ. ನನ್ನ ಪ್ಯಾಡ್ ಕಳೆದುಹೋದರೆ ಯಾರಿದ್ದಾರೆ?"

ನಲವತ್ತು ದಾಟಿ, ಕಿವಿಯ ಹತ್ತಿರ ಕೂದಲು ನರೆತಿದ್ದರೂ ಅಕ್ಕನ ಬಾಯಲ್ಲಿ ಅವನು ಪುಟ್ಟನೇ.

"ಕಳೆದುಹೋಗಿಲ್ಲವಲ್ಲ. ಎಲ್ಲಾ ಇಲ್ಲೇ ಇದೆ."

"ಇರೋದು ನಂದಲ್ಲ ಅಂತ ತಾನೇ ಬಡಕೊಳ್ತಿರೋದು! ನನ್ನ ಹಳೇ ಪ್ಯಾಡ್ ಕದ್ದಿದ್ದಾರೆ. ಅದರ ಜಾಗದಲ್ಲಿ ಹೊಸದು ಇಟ್ಟಿದ್ದಾರೆ."

ಪತ್ತೇದಾರ ಕಣ್ಣು ಪಿಳಿಪಿಳಿ ಬಿಟ್ಟ. "ಹೊಸದು ಕದ್ದು ಹಳೇದು ಇಡೋ ಕಳ್ಳನನ್ನ ನೋಡಿದ್ದೀನಿ. ಹಳೇದು ಕದ್ದು ಹೊಸದು ಇಡೋನು ಎಂಥ ಕಳ್ಳ?"

"ಅದಕ್ಕೇ ನಿನ್ನನ್ನ ಕರೆಸಿದ್ದು. ಅರ್ಥ ಆಗೋ ಕಳ್ಳತನ ಆಗಿದ್ದರೆ ನಾನೇ ಹಿಡೀತಿದ್ದೆ."

ಅವಳ ಕೋಪಕ್ಕೆ ಕಾರಣವಿತ್ತು. ಭಾವನ ಸೊಂಟ ಕೈಕೊಟ್ಟು, ಮೆಷೀನು ಮುಟ್ಟಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ ಮೇಲೆ ಈ ಕಾರ್ ಪಾಲಿಶ್ ಶೆಡ್ಡನ್ನು ಹೊತ್ತು ನಡೆಸುತ್ತಿದ್ದವಳು ಅಕ್ಕ. ಬೇರೆ ಶೆಡ್ಡುಗಳಲ್ಲಿ ನಾಲ್ಕು ಕಾರಿಗೇ ಸತ್ತುಬೀಳುವ ಪ್ಯಾಡು ಅವಳ ಕೈಯಲ್ಲಿ ವರ್ಷ ಕಳೆದರೂ ಮೆತ್ತಗೆ, ಸಪಾಟಾಗಿ ಇರುತ್ತಿತ್ತು. ಬಾನೆಟ್ಟಿಗೊಂದು, ಬಾಗಿಲಿಗೊಂದು ಎಂದು ಬದಲಾಯಿಸಿ, ಬಿಸಿಯಾದದ್ದಕ್ಕೆ ಆರಲು ಬಿಡುವು ಕೊಡುವಳು. ಕಾಂಪೌಂಡೆಂಬ ಪಾಲಿಶ್ ಪೇಸ್ಟನ್ನು ಮಗುವಿಗೆ ಔಷಧಿ ಕುಡಿಸುವಂತೆ ತೊಟ್ಟುತೊಟ್ಟಾಗಿ ಹಾಕುವಳು. ನಡುನಡುವೆ ಮೆಷೀನು ನಿಧಾನಕ್ಕಿಟ್ಟು ಬ್ರಷ್ಷಿನಿಂದ ಪ್ಯಾಡಿನ ಮುಖ ಉಜ್ಜುವಳು. ಕೆಲಸ ಮುಗಿದ ಮೇಲೆ ಉಗುರುಬೆಚ್ಚಗಿನ ನೀರು, ಮೆದು ಸೋಪು. ಹಿಂಡುವ ಮಾತೇ ಇಲ್ಲ, ಅಂಗೈಯಲ್ಲಿ ಒತ್ತಿ ನೀರು ಇಳಿಸುವಳು. ಆಮೇಲೆ ನೆರಳಿನಲ್ಲಿ, ವೆಲ್ಕ್ರೋ ಮೇಲೆ ಮಾಡಿ, ಫೋಮ್ ಬೋರಲಾಗಿ ಜಾಲರಿಯ ಮೇಲೆ ಒಣಗಲು ಇಡುವಳು. ನೀರು ಇಳಿದು ಹೋಗಿ ಫೋಮಿಗೂ ವೆಲ್ಕ್ರೋಗೂ ನಡುವಿನ ಅಂಟು ಉಳಿಯಬೇಕಲ್ಲ.

"ಸರಿ, ಇದು ಹೊಸದು ಅಂತ ಹೇಗೆ ಹೇಳ್ತೀಯಾ? ಕೊಳೆ ಆಗಿದೆಯಲ್ಲ."

"ಮುಖ ನೋಡಬೇಡ, ಬೆನ್ನು ನೋಡು."

ಅವನು ಪ್ಯಾಡನ್ನು ಬೋರಲು ಹಾಕಿದ. ವೆಲ್ಕ್ರೋದ ಎಳೆಗಳು ಒಂದೂ ಮುರಿಯದೆ, ಈಗ ತಾನೇ ಕ್ಷೌರ ಮಾಡಿಸಿಕೊಂಡ ತಲೆಯ ಹಾಗೆ ಒಪ್ಪವಾಗಿ ನಿಂತಿದ್ದವು. ಮೆಷೀನಿಗೆ ಹತ್ತಾರು ಸಲ ಹಾಕಿ ಕಿತ್ತ ಪ್ಯಾಡಾಗಿದ್ದರೆ ಅವು ಗುಂಜುಗುಂಜಾಗಿ ಎದ್ದಿರಬೇಕಿತ್ತು.

ಯಾರೋ ಹೊಸ ಪ್ಯಾಡು ತಂದು, ಮುಖಕ್ಕೆ ಮಾತ್ರ ಕಾಂಪೌಂಡು ಬಳಿದು, ಒಣಗಿಸಿ, ಮುಪ್ಪು ತರಿಸಿದ್ದರು. ಬೆನ್ನಿಗೆ ಮುಪ್ಪು ತರಿಸುವುದನ್ನು ಮರೆತಿದ್ದರು.

ಈಗ ಪತ್ತೇದಾರನಿಗೆ ಬೇಡವೆಂದರೂ ಕುತೂಹಲ ಹುಟ್ಟಿತು. ಇಷ್ಟು ಶ್ರಮಪಟ್ಟು, ಕೈಯಿಂದ ಖರ್ಚು ಮಾಡಿ, ಕೊಳಕು ಸ್ಪಂಜು ಒಯ್ದವನಿಗೆ ಬಂದ ಲಾಭವೇನು? ಕೊಳಕೇ ಬೇಕಿತ್ತೆ ಅವನಿಗೆ? ಅಥವಾ ಆ ಕೊಳಕು ಬೇರೆಯವರ ಕಣ್ಣಿಗೆ ಬೀಳಬಾರದಿತ್ತೆ?

"ತೊಳೆದ ನೀರು ಎಲ್ಲಿ ಹೋಗುತ್ತೆ?"

"ಮೋರಿಗೆ ಬಿಟ್ಟರೆ ಕಟ್ಟಿಕೊಳ್ಳುತ್ತೆ. ಆ ದೊಡ್ಡ ಬಕೆಟ್ಟಲ್ಲೇ ತಳ ಕಟ್ಟೋಕೆ ಬಿಡ್ತೀನಿ. ತಳ ತುಂಬಿದಾಗ ಕೆರೆದು ಎಸೀತೀನಿ."

ಪತ್ತೇದಾರ ಮೇಲಿನ ತಿಳಿಯನ್ನು ಬಗ್ಗಿಸಿ, ಚಪ್ಪಟೆ ಕಡ್ಡಿಯೊಂದರಿಂದ ತಳವನ್ನು ಕೆರೆದ. ಬಿಳಿ ರಾಡಿ, ಮೊಸರಿನಷ್ಟು ಗಟ್ಟಿ. ಇನ್ನೂ ಕೆರೆದ. ಬಿಳಿ. ಇನ್ನೊಂದಿಷ್ಟು ಕೆಳಕ್ಕೆ ಹೋದಾಗ ಕಡ್ಡಿಯ ತುದಿಗೆ ತೆಳ್ಳಗೆ ಒಂದು ಗೆರೆ ಹತ್ತಿಕೊಂಡಿತು.

ಹಸಿರು.

ಅಕ್ಕ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದಳು. "ಇದೆಲ್ಲಿಂದ ಬಂತು? ಈಚೆಗೆ ಒಂದೇ ಒಂದು ಹಸಿರು ಕಾರೂ ನಮ್ಮ ಶೆಡ್ಡಿಗೆ ಬಂದಿಲ್ಲ."

"ಬಂದಿದ್ದರೆ ಹಸಿರು ಬರ್ತಿತ್ತಾ?"

"ಆಗಲೂ ಬರಬಾರದು ಕಣೋ. ಬಣ್ಣದ ಮೇಲೆ ಗಾಜಿನಂಥ ಕ್ಲಿಯರ್ ಕೋಟ್ ಇರುತ್ತೆ. ನಾವು ಉಜ್ಜೋದು ಅದನ್ನ. ಕೆಂಪು ಕಾರಾದರೂ ಪ್ಯಾಡಿಗೆ ಬರೋದು ಬಿಳಿನೇ. ಬಣ್ಣ ಬಂತು ಅಂದರೆ ಯಾರೋ ಅತಿಯಾಗಿ ಉಜ್ಜಿ ಒಳಗಿನ ಬಣ್ಣದವರೆಗೆ ಹೋಗಿದ್ದಾರೆ ಅಂತ."

ಪತ್ತೇದಾರ ಕಡ್ಡಿಯನ್ನು ಬೆಳಕಿಗೆ ಹಿಡಿದ. ಊರೆಲ್ಲ ಅಲೆದರೂ ಸಿಗದ ಹಸಿರು, ಅಕ್ಕನ ಬಕೆಟ್ಟಿನ ತಳದಲ್ಲಿ!

ಆದರೆ ಹಸಿರು ಕಾರೇ ಬಾರದ ಶೆಡ್ಡಿಗೆ ಹಸಿರು ಬಂದದ್ದು ಹೇಗೆ? ಯೋಚಿಸಿದಷ್ಟೂ ಗೋಜಲು ಹೆಚ್ಚಾಯಿತು.

ಶೆಡ್ಡಿನ ಆಚೆ ಮೂಲೆಯಲ್ಲಿ ಬೂದು ಬಣ್ಣದ ಕಾರಿನ ಮೇಲೆ ಬಗ್ಗಿದ್ದ ಕೆಲಸಗಾರ ಉದ್ದಣ್ಣನನ್ನು ಕರೆದು ಕೇಳಿದ. ತಲೆ ಚಾವಣಿಗೆ ತಾಗುವಷ್ಟು ಎತ್ತರದ ಆಳು. ಮೆಷೀನಿನ ಸದ್ದಿಗೆ ಹೊಂದಿಕೊಂಡು ಮಾಮೂಲು ಮಾತನ್ನೂ ಕೂಗಿಯೇ ಆಡುವವನು.

"ಅಕ್ಕನ ಪ್ಯಾಡ್ ಮುಟ್ಟೋ ಧೈರ್ಯ ನನಗೆಲ್ಲಿದೆ ಸಾರ್! ಕೇಳದೆ ಮುಟ್ಟಿದರೆ ಕೈ ಕತ್ತರಿಸ್ತಾರೆ!"

"ಅಕ್ಕ ಇಲ್ಲದಾಗ ಶೆಡ್ ತೆಗೆದಿದ್ದೀಯಾ?"

"ಕೀಲಿ ನನ್ನ ಹತ್ರ ಇರಲ್ಲ! ಹೋದ ತಿಂಗಳು ಚಿಕ್ಕಮ್ಮ ಜಾರಿಬಿದ್ದರು ಅಂತ ಅಕ್ಕ ಊರಿಗೆ ಹೋದರಲ್ಲ, ಆಗ ನನಗೂ ರಜ ಕೊಟ್ಟರು! ಕೀಲಿ ಇದ್ದದ್ದು..."

ಉದ್ದಣ್ಣ ಮಾತು ನುಂಗಿಕೊಂಡು ಚಾವಣಿಯತ್ತ ನೋಡಿದ. ಶೆಡ್ಡಿನ ಮೇಲೆಯೇ ಮನೆ. ಮನೆಯಲ್ಲಿದ್ದವನು ಭಾವ. ಉದ್ದಣ್ಣ ಮೆಲ್ಲಗೆ ಬೂದು ಕಾರಿನತ್ತ ಜಾರಿಕೊಂಡ.

ಅಕ್ಕನ ಮುಖ ಸಪ್ಪಗಾಯಿತು. ಕಪಾಟಿನಿಂದ ಖಾಲಿ ಜಾಮ್ ಬಾಟಲಿ ತೆಗೆದು, ಹಸಿರು ರಾಡಿಯನ್ನು ಚಮಚದಲ್ಲಿ ಬಳಿದು ತುಂಬಿ, ಮುಚ್ಚಳ ಬಿಗಿದು ಮೇಜಿನ ಮೇಲೆ ಕುಕ್ಕಿದಳು. "ಹೋಗಿ ಕೇಳು. ನಾನು ಕೇಳಿದರೆ ಜಗಳ ಆಗುತ್ತೆ."

ಮೇಲೆ ಹೋಗುವ ಮುನ್ನ ಪತ್ತೇದಾರ ಒಂದು ಕೆಲಸ ಮಾಡಿದ. ಶೆಡ್ಡಿನ ಹೊರಗೆ ನಿಂತು ಕನ್ನಡಕದವನ ಹೆಂಡತಿಗೆ ಫೋನು ಹಚ್ಚಿದ. ದಿನಾ ಅತ್ತು ಅತ್ತು ದನಿ ಕಟ್ಟಿಹೋಗಿದ್ದ ಹೆಂಗಸು. ಒಂದಿಷ್ಟು ಸಮಾಧಾನ ಸಿಗಲಿ ಎನಿಸಿತು.

"ಒಂದು ಸುಳಿವು ಸಿಕ್ಕಿದೆಯಮ್ಮ. ನಮ್ಮ ಅಕ್ಕನ ಪಾಲಿಶ್ ಶೆಡ್ಡಲ್ಲಿ ಪ್ಯಾಡ್ ತೊಳೆದ ನೀರಿನ ತಳದಲ್ಲಿ ಹಸಿರು ಬಣ್ಣ ಇದೆ. ಬಾಟಲಿಗೆ ತುಂಬಿ ಇಟ್ಟಿದ್ದೀವಿ. ನಿಮ್ಮ ಕಾರಿನ ಬಣ್ಣವೇನೋ ಅಂತ ಅನುಮಾನ."

ಆಚೆ ಕಡೆ ಉಸಿರು ನಿಂತಂತಾಯಿತು. "ಇದು ಯಾರ್‍ಯಾರಿಗೆ ಗೊತ್ತು ಸಾರ್?"

"ನನಗೆ, ನಮ್ಮ ಅಕ್ಕನಿಗೆ. ಇಷ್ಟೇ."

"ನಾನು ಈಗಲೇ ಬಂದೆ" ಎಂದವಳು ವಿಳಾಸ ಕೇಳಿಕೊಂಡು ಫೋನಿಟ್ಟಳು. ಕನ್ನಡಕದವನ ಹೆಂಡತಿ ಬಂದರೆ ಕೂರಿಸು ಎಂದು ಅಕ್ಕನಿಗೆ ಹೇಳಿ ಪತ್ತೇದಾರ ಮೆಟ್ಟಿಲು ಹತ್ತಿದ.

*

ಭಾವ ಬೆನ್ನಿಗೆ ದಿಂಬು ಕೊಟ್ಟು ಮರದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಎದುರಿಗೆ ಕಿಟಕಿ, ಕಿಟಕಿಯ ಕೆಳಗೆ ಶೆಡ್ಡಿನ ಅಂಗಳ. ಪತ್ತೇದಾರ ಬಂದದ್ದು ಕಂಡು, "ಬಾರಯ್ಯಾ, ಏನು ಇಷ್ಟೊತ್ತಲ್ಲಿ?" ಎಂದನೇ ಹೊರತು ಕಣ್ಣು ಕಿಟಕಿಯಿಂದ ಕದಲಲಿಲ್ಲ.

ಪತ್ತೇದಾರ ಗೋಡೆಗೆ ಒರಗಿ ನಿಂತ. ತಂದೆಯಿಲ್ಲದ ಮನೆಗೆ ಅಳಿಯನಾಗಿ ಬಂದು, ಸೈಕಲ್ಲಿನ ಹಿಂದೆ ಓಡಿ, ಸೀಟು ಹಿಡಿದು, ಬಿದ್ದಾಗ ಎತ್ತಿ ಅವನನ್ನು ದೊಡ್ಡವನನ್ನಾಗಿ ಮಾಡಿದ ಮನುಷ್ಯ. ಈ ಮನುಷ್ಯನನ್ನು ಆರೋಪಿಯಂತೆ ಕೂರಿಸಿ ಪ್ರಶ್ನೆ ಕೇಳುವುದೆಂದರೆ ಕರುಳಿಗೇ ಕೈ ಹಾಕಿದಂತಾಯಿತು.

"ಭಾವಾ, ಅಕ್ಕ ಊರಿಗೆ ಹೋಗಿದ್ದಾಗ ಶೆಡ್ ತೆಗೆದಿದ್ದಿರಾ?"

"ಈ ಸೊಂಟ ಇಟ್ಕೊಂಡಾ? ನಾನ್ಯಾಕೆ ತೆಗೀಲಿ?"

"ಪ್ಯಾಡ್ ಬದಲಾಯಿಸಿದ್ದು ನೀವೇ ಭಾವ."

ಭಾವ ತಟ್ಟನೆ ತಿರುಗಿದ. ಸೊಂಟದ ನೋವಿಗೆ ಮುಖ ಕಿವುಚಿಕೊಂಡಿತು. ದನಿ ತಗ್ಗಿಸಿ, "ಅವಳಿಗೆ ಗೊತ್ತಾಯ್ತಾ?" ಎಂದ.

"ಅವಳೇ ಕಂಡುಹಿಡಿದಿದ್ದು."

"ಸತ್ತೆ!" ಭಾವ ಹಣೆ ಚಚ್ಚಿಕೊಂಡ. "ಬೆನ್ನು ನೋಡಿದಳಾ? ನೋಡಿರ್ತಾಳೆ. ಬೆನ್ನು ಮರೆತೆ ಕಣಯ್ಯಾ. ಮುಖಕ್ಕೆ ಬಳಿದು ಬಳಿದು ಬೆನ್ನು ಮರೆತೆ."

ಪೊಲೀಸರ ಭಯವಲ್ಲ, ಅಪರಾಧದ ಭಯವಲ್ಲ, ಶುದ್ಧ ಹೆಂಡತಿಯ ಭಯ. ಪತ್ತೇದಾರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಹಳೇ ಪ್ಯಾಡ್ ಏನಾಯ್ತು?"

"ಕೊಂದುಹಾಕಿದೆ. ಒಬ್ಬರು ಬಿಳಿ ಕಾರು ತಂದರು. ಅರ್ಜೆಂಟ್ ಪಾಲಿಶ್ ಆಗಬೇಕು ಅಂದರು. ಮೆಷೀನ್ ಮುಟ್ಟಿ ವರ್ಷ ಆಗಿತ್ತು, ಕೈ ತುರಿಸ್ತಿತ್ತು. ಆಯ್ತು ಅಂದುಬಿಟ್ಟೆ. ಅವಳು ವಾಪಸ್ ಬರೋದರೊಳಗೆ ಮುಗಿಸಬೇಕಲ್ಲ! ಫುಲ್ ಸ್ಪೀಡಿಗಿಟ್ಟೆ. ಸೊಂಟ ನೋವಿಗೆ ಮೈಭಾರವೆಲ್ಲ ಮೆಷೀನ್ ಮೇಲೆ ಬಿತ್ತು. ಪ್ಯಾಡ್ ಬದಲಾಯಿಸಲಿಲ್ಲ, ಬ್ರಷ್ ಹಾಕಲಿಲ್ಲ. ಕಾದು ಕಾದು ನಡುವೆ ಹೊಂಡ ಬಿತ್ತು, ಅಂಟು ಕರಗಿ ಫೋಮ್ ಬೇರೆ, ವೆಲ್ಕ್ರೋ ಬೇರೆ ಆಯ್ತು. ತೊಳೆದು ನೋಡಿದೆ, ಉಳೀಲಿಲ್ಲ. ಅವಳು ವರ್ಷಗಟ್ಟಲೆ ಸಾಕಿದ್ದು ನಾನು ಒಂದು ಮಧ್ಯಾಹ್ನದಲ್ಲಿ..."

ಅವನು ಅಂಗೈಯಿಂದ ಕಣ್ಣೊರೆಸಿಕೊಂಡ.

ಹಾಗಾದರೆ ಕಳ್ಳತನವೇ ನಡೆದಿಲ್ಲ. ಪತ್ತೇದಾರನಿಗೆ ಒಂದು ಕ್ಷಣ ಹಾಯೆನಿಸಿತು. ಮರುಕ್ಷಣವೇ ಕಡ್ಡಿಯ ತುದಿಯ ಆ ಗೆರೆ ನೆನಪಾಯಿತು.

"ಬಿಳಿ ಕಾರು ಅಂತೀರಿ. ಬಕೆಟ್ಟಿನ ತಳದಲ್ಲಿ ಹಸಿರಿದೆಯಲ್ಲ ಭಾವ?"

"ಅದೇ ನನಗೂ ತಿಳೀಲಿಲ್ಲ! ಬಿಳಿ ಬಣ್ಣ ಹೊಸದು, ಇನ್ನೂ ಹಸಿಹಸಿ. ಪ್ಯಾಡಿಗೆ ಅಂಟಂಟು ಹತ್ತುತ್ತಿತ್ತು. ಬಾನೆಟ್ಟಿನ ಅಂಚಿಗೆ ಬಂದಾಗ ಸ್ವಲ್ಪ ಒತ್ತಿದೆ ನೋಡು, ಬಿಳಿ ಹಾರಿಹೋಗಿ ಕೆಳಗಿಂದ ಹಸಿರು ಇಣುಕಿತು. ಎದೆ ಹೊಡಕೊಳ್ತು. ಅವರೇನೂ ಬೈಯಲಿಲ್ಲ. ಅಂಚಿಗೆ ಬಿಳಿ ಟಚಪ್ ಮಾಡಿಕೊಟ್ಟೆ. ಬಣ್ಣ ಗಟ್ಟಿಯಾದ ಮೇಲೆ ಬನ್ನಿ, ಇನ್ನೊಂದು ಕೈ ಹಾಕ್ತೀನಿ, ಹಿಂದಿನ ಮೆಟ್ಟಿಲಿಂದ ಬನ್ನಿ, ನಮ್ಮ ಮನೆಯವಳಿಗೆ ಕಾಣಬಾರದು ಅಂದೆ."

ಪತ್ತೇದಾರ ಜೇಬಿನಿಂದ ಫೋಟೋ ತೆಗೆದ. ಕನ್ನಡಕ ತೊಟ್ಟ ದುಂಡುಮುಖದ ಗಂಡಸು ಹಸಿರು ಕಾರಿಗೆ ಒರಗಿ ನಿಂತಿದ್ದ. ಭಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಕನ್ನಡಕ ತೆಗೆದು ಗಡ್ಡ ಹಚ್ಚು. ಇವರೇ. ಒಬ್ಬರೇ ಬಂದಿದ್ದರು."

ಕಾಣೆಯಾದವನು ಕಾಣೆಯಾದ ಮೇಲೆ ತಾನೇ ಕಾರು ಓಡಿಸಿಕೊಂಡು ಬಂದು ಪಾಲಿಶ್ ಮಾಡಿಸಿಕೊಂಡು ಹೋಗಿದ್ದ! ಅಂದರೆ ಜೀವಂತ. ಅಂದರೆ ಬೇಕೆಂದೇ ಬಚ್ಚಿಟ್ಟುಕೊಂಡವನು. ಯಾರಿಂದ? ಕಂಬನಿ ತುಂಬಿದ ಆ ಹೆಂಡತಿಯಿಂದಲೆ?

ಪ್ರಶ್ನೆ ಪೂರ್ತಿ ಮೂಡುವ ಮೊದಲೇ ಹಿಂದಿನ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಭಾವನ ಮುಖ ಬಿಳಿಚಿಕೊಂಡಿತು. ಬಾಗಿಲಲ್ಲಿ ಗಡ್ಡ ಬಿಟ್ಟ, ಕನ್ನಡಕವಿಲ್ಲದ ಮನುಷ್ಯನೊಬ್ಬ ನಿಂತಿದ್ದ.

ಪತ್ತೇದಾರ ಫೋಟೋವನ್ನೂ ಅವನನ್ನೂ ನೋಡಿದ. ಅವನೂ ಫೋಟೋ ನೋಡಿದ.

"ನನ್ನನ್ನ ಹುಡುಕ್ತಿರೋರು ನೀವೇನಾ?" ದನಿ ಸೋತುಹೋಗಿತ್ತು.

"ನಿಮ್ಮ ಹೆಂಡತಿ ನನ್ನ ಹತ್ತಿರ ಬಂದಿದ್ದರು."

"ಹೆಂಡತಿನಾ?" ಆ ಮನುಷ್ಯ ನಕ್ಕ, ನಗೆಯಲ್ಲಿ ಜೀವವಿರಲಿಲ್ಲ. "ನನಗೆ ಮದುವೇನೇ ಆಗಿಲ್ಲ ಸಾರ್."

ಪತ್ತೇದಾರ ಫೋಟೋವನ್ನು ಮತ್ತೊಮ್ಮೆ ನೋಡಿದ.

ಪತ್ತೇದಾರ ನೆನಪು ಕೆದಕಿದ. ಆ ಹೆಂಗಸು ತೋರಿಸಿದ್ದು ಈ ಒಂದೇ ಫೋಟೋ. ಇಬ್ಬರೂ ಜೊತೆಗಿದ್ದದ್ದು ಒಂದನ್ನೂ ತೋರಿಸಿರಲಿಲ್ಲ. ಅವಳ ಮನೆಗೂ ಅವನು ಹೋಗಿರಲಿಲ್ಲ, ಅವಳೇ ಬರುತ್ತಿದ್ದಳು. ಅತ್ತಳು, ನಂಬಿದ.

"ಯಾರವಳು?"

"ಅದು ಗೊತ್ತಿದ್ದರೆ ಹೀಗೆ ಯಾಕೆ ಅಲೀತಿದ್ದೆ? ಅಂಗಡಿ ಮುಂದೆ ನಿಲ್ಲೋಳು, ಕಾರಿನ ಹಿಂದೆ ಬರೋಳು. ಹಸಿರು ಕಾರು ಎಲ್ಲಿ ನಿಲ್ಲಿಸಿದರೂ ಪತ್ತೆ ಮಾಡೋಳು. ಅದಕ್ಕೇ ಬಿಳಿ ಬಳಿಸಿದೆ, ಅಂಗಡಿ ಬಿಟ್ಟೆ, ಕನ್ನಡಕ ಬಿಟ್ಟು ಕಣ್ಣೊಳಗೆ ಲೆನ್ಸ್ ಹಾಕಿಕೊಂಡೆ. ಅವಳಿಗೆ ನಾನಿರೋ ಜಾಗ ತಿಳಿದರೆ ಮುಗೀತು."

ಪತ್ತೇದಾರ ಜೇಬಿನ ಫೋನನ್ನು ಮುಟ್ಟಿ ನೋಡಿಕೊಂಡ. "ನಾನು... ನಾನೇ ಅವಳಿಗೆ ಫೋನ್ ಮಾಡಿದೆ. ಇಲ್ಲಿನ ವಿಳಾಸ ಹೇಳಿದೆ. ಬರ್ತಾ ಇದ್ದಾಳೆ."

ಕನ್ನಡಕದವನು ಗೋಡೆಗೆ ಒರಗಿದ. "ಏನು ಕೆಲಸ ಮಾಡಿದಿರಿ ಸಾರ್!"

"ಹಿಂದಿನ ಮೆಟ್ಟಿಲಿಂದ ಹೊರಟುಬಿಡಿ. ನಾನು ಅವಳನ್ನ ಮಾತಾಡಿಸಿ ನಿಲ್ಲಿಸಿಕೊಳ್ತೀನಿ."

"ನಾನು ಓಡಿಹೋದರೇನು ಬಂತು? ಬಿಳಿ ಕಾರೇ ಹಸಿರು ಕಾರು ಅಂತ ಅವಳಿಗೆ ತೋರಿಸಿಕೊಡೋದು ಅದೊಂದೇ. ಆ ಬಾಟಲಿ ಅವಳ ಕೈಗೆ ಸಿಗಬಾರದು. ಎಲ್ಲಿಟ್ಟಿದ್ದೀರಿ?"

"ಕೆಳಗೆ ಅಕ್ಕನ ಮೇಜಿನ ಮೇಲೆ."

"ಯಾವ ಬಾಟಲಿ?" ಎಂದ ಭಾವ.

ಪಾಪ, ಏನೂ ಅರಿಯದೆ, ಬರೀ ಮಾತಿನ ಎಳೆ ತಪ್ಪಿಹೋಯಿತೆಂದು ಕೇಳಿದ ಪ್ರಶ್ನೆ. ಪತ್ತೇದಾರನ ಕಿವಿಗೆ ಅದು ಕಾದ ಸಲಾಕೆಯಂತೆ ಹೊಕ್ಕಿತು.

ಈ ಕೋಣೆಯಲ್ಲಿ ಬಕೆಟ್ಟಿನ ಮಾತು ಬಂದಿತ್ತು, ಹಸಿರಿನ ಮಾತು ಬಂದಿತ್ತು. ಬಾಟಲಿಯ ಮಾತು ಬಂದೇ ಇರಲಿಲ್ಲ. ಬಾಟಲಿಯ ವಿಷಯ ಗೊತ್ತಿದ್ದದ್ದು ಅವನಿಗೆ, ಅಕ್ಕನಿಗೆ, ಮತ್ತೆ ಫೋನಿನ ಆಚೆ ತುದಿಯಲ್ಲಿ ಉಸಿರು ಹಿಡಿದು ಕೇಳಿಸಿಕೊಂಡ ಆ ಹೆಂಗಸಿಗೆ.

ಇವನಿಗೆ ಹೇಳಿದವಳು ಅವಳೇ.

ಹಾಗಿದ್ದರೆ ಯಾರು ಯಾರಿಂದ ಓಡುತ್ತಿದ್ದರು? ಇಬ್ಬರೂ ಒಂದೇ ಕಡೆಯವರಾಗಿದ್ದ ಮೇಲೆ ಅವನನ್ನು ಹುಡುಕಿಕೊಡಿ ಎಂದು ಅವಳು ಬಂದದ್ದೇಕೆ? ಬಿಳಿಯ ಕೆಳಗಿನ ಹಸಿರು ಯಾರ ಕಣ್ಣಿಗಾದರೂ ಬೀಳುತ್ತದೆಯೇ ಎಂದು ಅವನ ಕೈಯಿಂದಲೇ ಪರೀಕ್ಷೆ ಮಾಡಿಸಲೆ?

ತಲೆಯೆತ್ತುವಷ್ಟರಲ್ಲಿ ಕನ್ನಡಕದವನು ಕಿಟಕಿಯ ಬಳಿ ಇದ್ದ. ಮುಖದ ಮೇಲಿನ ಸೋಲೆಲ್ಲ ಒರೆಸಿ ತೆಗೆದಂತೆ ಮಾಯವಾಗಿತ್ತು. ಅವನ ಹೆಗಲಾಚೆ ಅಂಗಳ ಕಾಣುತ್ತಿತ್ತು: ಗೋಡೆಯ ಪಕ್ಕ ಬಿಳಿ ಕಾರು, ಗೇಟಿನ ಬಳಿ ಈಗ ತಾನೇ ಬಂದು ನಿಂತ ಟ್ಯಾಕ್ಸಿ, ಟ್ಯಾಕ್ಸಿಯಿಂದ ಇಳಿದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸು. ಅಕ್ಕ ಲಗುಬಗೆಯಿಂದ ಎದುರು ಹೋಗಿ ಅವಳ ಕೈ ಹಿಡಿದುಕೊಂಡಳು. ಅಕ್ಕನ ಇನ್ನೊಂದು ಕೈಯಲ್ಲಿ ಜಾಮ್ ಬಾಟಲಿ ಇತ್ತು.

ಹೆಂಗಸು ಬಾಟಲಿಯನ್ನು ತೆಗೆದುಕೊಂಡು ಬ್ಯಾಗಿಗೆ ಹಾಕಿದಳು. ಆಮೇಲೆ ಬಿಳಿ ಕಾರಿನ ಕಡೆ ಬೆರಳು ಮಾಡಿ ಏನೋ ಹೇಳಿದಳು. ಅಕ್ಕ ಬಾನೆಟ್ಟಿನ ಅಂಚಿಗೆ ಬಗ್ಗಿ, ಉಗುರಿನಿಂದ ಕೆರೆದು ನೋಡಿದಳು. ಹೆಂಗಸು ಮುಂದಿನ ಬಾಗಿಲು ತೆರೆದು, ಒಳಗೆ ಕೂತು ನೋಡಿ ಎಂಬಂತೆ ಕರೆದಳು. ಅಕ್ಕ ಹತ್ತಿ ಕೂತಳು.

ನನಗೆ, ನಮ್ಮ ಅಕ್ಕನಿಗೆ, ಇಷ್ಟೇ. ಅವನೇ ಆಡಿದ ಮಾತು.

"ಅಕ್ಕಾ! ಇಳಿ! ಇಳಿಯೇ!"

ಅದೇ ಹೊತ್ತಿಗೆ ಶೆಡ್ಡಿನೊಳಗೆ ಉದ್ದಣ್ಣ ಮೆಷೀನು ಚಾಲೂ ಮಾಡಿದ. ಅದರ ಗುಂಯ್‌ಗುಡುವಿಕೆಯಲ್ಲಿ ಕೂಗು ಕರಗಿಹೋಯಿತು. ಪತ್ತೇದಾರ ಮುಂದಿನ ಬಾಗಿಲಿಗೆ ಓಡಿದ, ಆಮೇಲೆ ಹಿಂದಿನದಕ್ಕೆ. ಎರಡಕ್ಕೂ ಹೊರಗಿನಿಂದ ಚಿಲಕ ಹಾಕಿತ್ತು. ಅಂದರೆ ಮೆಟ್ಟಿಲ ಮೇಲೆ ಅವರ ಕಡೆಯ ಇನ್ನೂ ಒಬ್ಬನಿದ್ದ.

ಹಿಂತಿರುಗಿ ನೋಡಿದಾಗ ಕನ್ನಡಕದವನ ಕೈ ಕಿಟಕಿಯ ಸರಳಿನಾಚೆ ಚಾಚಿತ್ತು. ಬೆರಳು ಸಡಿಲಿಸಿದ. ಬಿಸಿಲಿನಲ್ಲಿ ಮಿರುಗುತ್ತ ಏನೋ ಕೆಳಗೆ ಬಿತ್ತು.

ಕಾರಿನ ಕೀಲಿ. ಹೆಂಗಸು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.